ಕಟ್ಟೆಮಾರಮ್ಮನ ರೀಲು

ಅರಕಲಗೂಡು ತಾಲ್ಲೂಕಿನ ಹೊಂಗೆಕಟ್ಟೆ ಅನ್ನುವ ಊರಿನಲ್ಲಿ ಕಟ್ಟೆಮಾರಮ್ಮ ಅಂತ ಒಬ್ಬ ತಾಯಿ ಇದ್ದಾಳೆ. ವರ್ಷವಿಡೀ ಆಕೆ ಬೆಳ್ಳಿಯ ಮೊಗವಾಡ ತೊಟ್ಟೇ ಕೂತಿರುತ್ತಾಳೆ. ಕಾರ್ತಿಕದ ಮೊದಲ ಮಂಗಳವಾರ ಬೆಳಿಗ್ಗೆ ಮಾತ್ರ ಪೂಜಾರಿ ಆ ಮೊಗವಾಡ ಬಿಚ್ಚಿ, ಹುಣಸೆಹಣ್ಣು ಹಾಕಿ ಉಜ್ಜಿ, ಕಟ್ಟೆಯ ನೀರಲ್ಲಿ ತೊಳೆದು ಮತ್ತೆ ತೊಡಿಸುತ್ತಾನೆ. ಅಷ್ಟು ಹೊತ್ತು ತಾಯಿಯ ನಿಜಮುಖ ತೆರೆದಿರುತ್ತದೆ. ನಿಜಮುಖ ಅಂದರೆ ಮೂಗಿಲ್ಲ, ಕಣ್ಣಿಲ್ಲ. ಎಣ್ಣೆ ಕುಡಿದು ಕುಡಿದು ಕಪ್ಪಾದ ಒಂದು ಕಲ್ಲು, ಅಷ್ಟೆ. ಆದರೆ ಆ ಕಲ್ಲಿನ ಮುಂದೆ ನಿಂತವರ ಬಾಯಲ್ಲಿ ಸುಳ್ಳು ಬರುವುದಿಲ್ಲ ಎಂದು ಊರು ನಂಬಿದೆ. ಆ ಹೊತ್ತಿನಲ್ಲಿ ಗರ್ಭಗುಡಿಯ ಹೊಸ್ತಿಲು ದಾಟುವವರು ಮೂವರೇ: ಪೂಜಾರಿ, ಊರ ಯಜಮಾನ, ಮತ್ತು ಫೋಟೋ ತೆಗೆಯುವವನು.

ದೇವರ ಕೆಲಸದಲ್ಲಿ ಫೋಟೋದವನು ಎಲ್ಲಿಂದ ಬಂದ ಅಂತ ಕೇಳಿದರೆ, ಅದನ್ನು ಹೇಳಬೇಕು. ಈಗ ಫೋಟೋ ತೆಗೆಯುವ ಕೇರಿಯ ಚಲುವಯ್ಯನ ಅಪ್ಪ ಹಾಸನದ ಒಂದು ಸ್ಟುಡಿಯೋದಲ್ಲಿ ಕಸ ಗುಡಿಸುತ್ತಲೇ ಕ್ಯಾಮರಾ ಕಲಿತವನು. ಆ ಕಾಲದಲ್ಲಿ ಕೇರಿಯ ಜನ ಗುಡಿಯ ಮೆಟ್ಟಿಲ ಕೆಳಗೇ ನಿಂತು ಕೈಮುಗಿದು ಹೋಗುತ್ತಿದ್ದರು. ಒಂದು ಕಾರ್ತಿಕದಲ್ಲಿ ಆತ ಆ ಮೆಟ್ಟಿಲ ಕೆಳಗಿನಿಂದಲೇ ಕೂಗಿದನಂತೆ: "ನಮ್ಮ ಕೇರಿ ಹೆಂಗಸ್ರು ಅವ್ವನ ಮೊಕ ಕಾಣ್ದೆ ಸಾಯ್ತಾವ್ರೆ. ಒಂದು ಪಟ ಇಡ್ಕತೀನಿ. ಬ್ಯಾಡ ಅನ್ನೋದಾದ್ರೆ ಅವ್ವನೇ ಅನ್ನಲಿ, ಊವು ಕೇಳಿ!" ಊರವರು ಸಿಟ್ಟಾದರೂ ಹೂವು ಕೇಳದೆ ಇರುವ ಹಾಗಿರಲಿಲ್ಲ. ತಾಯಿಯ ತಲೆಯ ಮೇಲಿಟ್ಟ ಕಣಗಿಲೆ ಹೂ ಬಲಕ್ಕೆ ಬಿತ್ತು.

ಹೂ ಬಿದ್ದ ಮೇಲೆ ಮಾತಿಲ್ಲ. ಆಗಿನ ಪೂಜಾರಿ ಎರಡು ಕಟ್ಟಳೆ ಮಾಡಿದ. ಪಟದಲ್ಲಿ ಮೂಡುವ ತಾಯಿಯ ಮುಖ ನೀರಲ್ಲಿ ಮೀಯದೆ ಯಾರ ಕಣ್ಣಿಗೂ ಬೀಳಕೂಡದು. ಹಾಗಾಗಿ ರೀಲಿನಲ್ಲೇ ಹಿಡಿಯಬೇಕು, ಕತ್ತಲಲ್ಲಿ ಕಟ್ಟೆಯ ನೀರಿನಿಂದಲೇ ಆ ರೀಲು ತೊಳೆಯಬೇಕು. ಇನ್ನೊಂದು, ರೀಲು ಯಜಮಾನನ ಕೈಯಿಂದ ವೀಳ್ಯದ ಜೊತೆ ಬರಬೇಕು. ಒಂದು ವರ್ಷ ತಪ್ಪಿದರೆ ಆ ಮನೆತನಕ್ಕೆ ಫೋಟೋದ ಮರ್ಯಾದೆ ತಪ್ಪಿದ ಹಾಗೆ.

ಅಪ್ಪನ ನಂತರ ಆ ಮರ್ಯಾದೆ ಚಲುವಯ್ಯನಿಗೆ ಬಂತು. ಅವನಿಗೆ ಹೊಳೆನರಸೀಪುರದಲ್ಲಿ ಒಂದು ಚಿಕ್ಕ ಸ್ಟುಡಿಯೋ ಇದೆ. ಆಧಾರ್, ಪಾಸ್‌ಪೋರ್ಟ್ ಸೈಜು, ನಾಮಕರಣ, ಗೃಹಪ್ರವೇಶ ಅಂತ ಹೊಟ್ಟೆಪಾಡೆಲ್ಲ ಡಿಜಿಟಲ್ ಕ್ಯಾಮರಾದ್ದು. ಅಪ್ಪನ ರೀಲಿನ ಕ್ಯಾಮರಾ ವರ್ಷಕ್ಕೊಮ್ಮೆ ತಾಯಿಗಾಗಿ ಮಾತ್ರ ಹೊರಗೆ ಬರುತ್ತದೆ. ಆ ವರ್ಷ ಕೇರಿಯಲ್ಲಿ ಯಾರು ಹೊಸದಾಗಿ ಮನೆ ಹೂಡಿರುತ್ತಾರೋ ಅವರಿಗೆಲ್ಲ ಅವನು ಪಟ ತೊಳೆದು ಕೊಡುತ್ತಾನೆ. ಆ ಪಟ ಬಂದ ಮೇಲೇ ಆ ಮನೆಗೆ ದೇವರಮೂಲೆ ಅನ್ನುವುದು ಆಗುವುದು. ಈಗ ಕಾಲ ಬದಲಾಗಿದೆ. ಮೆಟ್ಟಿಲು ಹತ್ತಬೇಡ ಎಂದು ಕೇರಿಯವರಿಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹತ್ತು ಅಂತಲೂ ಯಾರೂ ಹೇಳುವುದಿಲ್ಲ. ಹೊಸ್ತಿಲು ದಾಟುವ ಕೇರಿಯ ಕಾಲು ಇವತ್ತಿಗೂ ಚಲುವಯ್ಯನದೊಂದೇ.

ಊರ ಯಜಮಾನ ಕೆಂಪಣ್ಣ. ಜಮೀನು ಹೊಂಗೆಕಟ್ಟೆಯಲ್ಲಿದ್ದರೂ ಆತ ಇರುವುದು ಹಾಸನದಲ್ಲಿ. ಕ್ಯಾಮರಾ, ಆಲ್ಬಮ್ಮು, ಕಟ್ಟು ಹಾಕಿದ ದೇವರ ಪಟ ಎಲ್ಲ ಮಾರುವ ದೊಡ್ಡ ಅಂಗಡಿ. ಚಲುವಯ್ಯ, ಕೆಂಪಣ್ಣ ಇಬ್ಬರೂ ಒಂದೇ ಕಟ್ಟೆಯಲ್ಲಿ ಈಜು ಕಲಿತವರು. ಕೆಂಪಣ್ಣನಿಗೆ ಮೊದಲು ರೀಲು ಹಾಕಿ ತೋರಿಸಿದವನು ಚಲುವಯ್ಯ. ಚಲುವಯ್ಯನ ಮದುವೆಯಲ್ಲಿ ಪಂಕ್ತಿಯಲ್ಲಿ ಕೂತು ಉಂಡು, ತನ್ನ ಮನೆಯಲ್ಲಿ ವಾರಗಟ್ಟಲೆ ಬೈಸಿಕೊಂಡವನು ಕೆಂಪಣ್ಣ. ನವರಾತ್ರಿ ಮುಗಿಯುತ್ತಿದ್ದ ಹಾಗೆ ಆತ ಅಂಗಡಿಯ ಫ್ರಿಜ್ಜಿನಿಂದ ಹಸಿರು ಪಟ್ಟಿಯ ಒಂದು ಕಪ್ಪು ಬಿಳುಪು ರೀಲಿನ ಡಬ್ಬಿ ತೆಗೆದು, ಎರಡು ಎಲೆ, ಒಂದು ಅಡಿಕೆಯ ಮೇಲಿಟ್ಟು ಕಣ್ಣಿಗೊತ್ತಿ ಕೊಡುವುದು. ಚಲುವಯ್ಯ ಟವಲು ಹಾಸಿ ತೆಗೆದುಕೊಳ್ಳುವುದು. ಎಷ್ಟೋ ವರ್ಷದ ನಡೆ ಅದು. ಕೊಡಿ ಎಂದು ಇವನು ಕೇಳಿದವನಲ್ಲ. ವೀಳ್ಯವನ್ನು ಯಾರಾದರೂ ಕೇಳಿ ಪಡೆಯುತ್ತಾರೆಯೆ?

ಈ ವರ್ಷ ನವರಾತ್ರಿ ಕಳೆದು ಚಲುವಯ್ಯ ಹಾಸನಕ್ಕೆ ಹೋದಾಗ ಕೆಂಪಣ್ಣ ಟೀ ತರಿಸಿದ. ಫ್ರಿಜ್ಜಿನ ಕಡೆಗೆ ಮಾತ್ರ ಹೋಗಲಿಲ್ಲ.

"ನಿನ್ ರೀಲ್ ಕಂಪ್ನಿ ಕಥೆ ಮುಗೀತು ಕಣ್ಲಾ ಚಲುವ," ಅಂದ.

"ಯಾಕೆ ಕೆಂಪಣ್ಣೋರೆ, ಮುಚ್ಬುಟ್ರಾ?"

"ಮುಚ್ಚಿದ್ರೆ ಒಂದ್ಸಲ ಅತ್ತು ಸುಮ್ಕಾಗಬೌದಿತ್ತು. ಪಾಲಾಗ್ಬುಟ್ರು. ಕಾರ್ಖಾನೆ ಒಬ್ಬನ ಪಾಲ್ಗೆ, ಯಾಪಾರ ಇನ್ನೊಬ್ಬನ ಪಾಲ್ಗೆ. ಮಾಡೋನು ಮಾರಂಗಿಲ್ಲ, ಮಾರೋನ ತಾವ ಮಾಲಿಲ್ಲ. ಬೆಂಗ್ಳೂರೋನ್ನ ಕೇಳುದ್ರೆ ಬಾಂಬೆ ಅಂತಾನೆ, ಬಾಂಬೆಯೋನ್ನ ಕೇಳುದ್ರೆ ಫಾರಿನ್ ಅಂತಾನೆ. ಇವತ್ ಬತ್ತದೆ, ನಾಳೆ ಬತ್ತದೆ. ಬಂದ್ರೆ ಬಂತು."

"ನಮ್ ದೊಡ್ಡಪ್ಪನ ಮಕ್ಳು ಬಾವಿ ಪಾಲು ಮಾಡ್ಕಂಡಂಗಾಯ್ತು ಬುಡಿ. ಒಬ್ಬನಿಗೆ ನೀರು, ಒಬ್ಬನಿಗೆ ಸೇದೋ ಅಗ್ಗ."

ಕೆಂಪಣ್ಣ ಟೀ ತುಳುಕುವ ಹಾಗೆ ನಕ್ಕ. ಚಲುವಯ್ಯನೂ ನಕ್ಕ. ಗಾಜಿನ ಕಪಾಟಿನಲ್ಲಿ ನೀಲಿ ಬಿಳಿಯ ಪುಟ್ಟ ಡಬ್ಬಿಗಳು ಸಾಲಾಗಿ ಕೂತಿದ್ದವು. ಹೊಸವು, ಅವನು ಕಂಡವಲ್ಲ.

"ಇವೇನು?"

"ಅವಾ?" ಕೆಂಪಣ್ಣ ಲೋಟ ಕೆಳಗಿಟ್ಟ. "ಅವು ಬಣ್ಣದವು ಕಣ್ಲಾ. ಆಸನಾಂಬನ್ನ ನೋಡಕೆ ಬತ್ತಾರಲ್ಲ ಬೆಂಗ್ಳೂರ್ ಐಕ್ಳು, ಶೋಕಿಗೆ ತಗಂಡೋಯ್ತವೆ. ನಿಂಗಾಗಕಿಲ್ಲ, ಕಟ್ಟೆ ನೀರಲ್ಲಿ ತೊಳ್ಯಕೆ ಬರಕಿಲ್ಲ. ನೀನ್ಯಾಕೆ ಯೋಚ್ನೆ ಮಾಡೀಯೆ? ಬಂದೇಟ್ಗೆ ನಾನೇ ಪೋನ್ ಮಾಡ್ತೀನಿ. ಬರ್ನೇ ಇಲ್ಲ ಅಂದ್ರೆ ಪೂಜಾರಿ ತಾವ ಮಾತಾಡಿ ನಿನ್ ಮರ್ವಾದೆ ಓಗ್ದಂಗೆ ನೋಡ್ಕತೀನಿ. ನಾನಿಲ್ವಾ?"

ನಾನಿಲ್ವಾ ಅಂದ ಮೇಲೆ ಚಲುವಯ್ಯನಿಗೆ ಇನ್ನೇನು ಬೇಕು? ಅವನು ನಿಶ್ಚಿಂತನಾಗಿ ಬಸ್ಸು ಹತ್ತಿದ. ಅವನ ಕಣ್ಣು ಬಲ್ಲದ್ದು ಹಸಿರು ಪಟ್ಟಿಯ ಡಬ್ಬಿಯೊಂದನ್ನೇ. ಬೇರೆ ಡಬ್ಬಿಯ ಮೇಲಿನ ಅಕ್ಷರ ಓದಿ ನೋಡಬೇಕು ಅಂತ ಅನ್ನಿಸಲೂ ಇಲ್ಲ. ಓದಿದರೆ ಕೆಂಪಣ್ಣನ ಮಾತನ್ನು ತೂಗಿ ನೋಡಿದ ಹಾಗಾಗುತ್ತಿತ್ತು.

ದಿನ ಕಳೆದವು. ಫೋನು ಬರಲಿಲ್ಲ. ಇವನೇ ಮಾಡಿದರೆ "ಬತ್ತದೆ ಕಣ್ಲಾ, ಬತ್ತದೆ" ಅನ್ನುವ ಮಾತು. ಕೇರಿಯಿಂದ ಚಿಕ್ಕವ್ವ ದ್ಯಾವಮ್ಮ ಎರಡು ದಿನಕ್ಕೊಂದು ಸಲ ಮೊಮ್ಮಗನ ಫೋನಿನಿಂದ ಕೂಗುತ್ತಿದ್ದಳು. ಆ ಮೊಮ್ಮಗ ಈ ವರ್ಷವೇ ಮದುವೆಯಾಗಿ ಬೇರೆ ಮನೆ ಹೂಡಿದ್ದ. ದೇವರಮೂಲೆಗೆ ಸುಣ್ಣ ಬಳಿದು ಕಾದಿದ್ದರು. ಚಲುವಯ್ಯ ಕೆಂಪಣ್ಣನ ಮಾತನ್ನೇ ತನ್ನ ಬಾಯಲ್ಲಿ ಅವಳಿಗೆ ಹೇಳುತ್ತಿದ್ದ. ಕಂಪನಿ ಪಾಲಾದದ್ದು, ಬಾಂಬೆ, ಫಾರಿನ್ನು, ಎಲ್ಲವನ್ನೂ.

ಹೆಂಡತಿ ಸುಬ್ಬಮ್ಮ ಅವರೆಕಾಯಿ ಬಿಡಿಸುತ್ತ ಕೇಳಿಸಿಕೊಂಡಳು.

"ಐಕ್ಳೆಲ್ಲ ಪೋನಲ್ಲೇ ಮಂಚ ತರುಸ್ತಾವ್ರೆ. ನಿಂಗೆ ಒಂದು ರೀಲು ತರ್ಸಕಾಗಕಿಲ್ವಾ?"

"ಅದು ಅವರ ಕೈಯಿಂದ್ಲೇ ಬರ್ಬೇಕು ಕಣಮ್ಮಿ."

"ಬರ್ದೆ ಓದ್ರೆ?"

"ಯಾಕ್ ಬರಕಿಲ್ಲ? ಕೆಂಪಣ್ಣೋರು ನಮ್ ಮನೇಲಿ ಉಂಡವ್ರೆ."

"ಉಂಡವ್ರೆ. ತಟ್ಟೆ ತೊಳ್ದೋಳು ನಾನು," ಅಂದಳು ಸುಬ್ಬಮ್ಮ. ಆಮೇಲೆ ತನ್ನ ಮಾತಿಗೆ ತಾನೇ ಕಸಿವಿಸಿಗೊಂಡು, "ಬತ್ತದೆ ಬುಡು, ಅವ್ವ ಅವಳೆ," ಎಂದು ಸಿಪ್ಪೆ ಬಾಚಿಕೊಂಡು ಎದ್ದಳು.

ಕಾರ್ತಿಕ ಬಂತು. ಮಂಗಳವಾರಕ್ಕೆ ಒಂದೇ ದಿನ ಉಳಿದಾಗ ಚಲುವಯ್ಯನಿಗೆ ಚನ್ನರಾಯಪಟ್ಟಣದಲ್ಲಿ ಕೆಲಸ ಬಿತ್ತು. ಒಂದು ಮದುವೆ ಆಲ್ಬಮ್ಮನ್ನು ಅಲ್ಲಿನ ಲ್ಯಾಬಿನಿಂದ ತರಬೇಕಿತ್ತು. ಬೆಂಚಿನ ಮೇಲೆ ಕಾಯುತ್ತಿದ್ದವರಲ್ಲಿ ರಜನೀಶ್ ಅನ್ನುವ ಹುಡುಗ ಇದ್ದ. ಆ ಕಡೆ ಮದುವೆಗಳಿಗೆಲ್ಲ ಕ್ಯಾಮರಾ ಹಿಡಿಯುವವನು, ಗುರುತಿನವನು. ಅವನ ಕೊರಳಲ್ಲಿ ಹಳೆಯ ರೀಲಿನ ಕ್ಯಾಮರಾ ಕಂಡು ಚಲುವಯ್ಯನಿಗೆ ನಗು ಬಂತು.

"ಇದ್ಯಾರ ತಾತನ ಕ್ಯಾಮರಾನಪ್ಪ?"

"ನಗ್ಬೇಡಿ ಸಾ. ಈಗ ಇದೇ ಫ್ಯಾಷನ್ನು. ಮದ್ವೆ ಹೆಣ್ಣುಗಳು ಡಿಜಿಟಲ್ಲು ಬೇಡ, ನಮ್ಮಮ್ಮನ ಆಲ್ಬಮ್ ಥರಾನೇ ಬೇಕು ಅಂತ ಹಟ ಮಾಡ್ತವೆ. ನಮ್ಮಮ್ಮನ ಥರ ಅಡುಗೆ ಮಾಡಿ ಅಂದ್ರೆ ಮಾತ್ರ ಮೊಕ ತಿರುಗಿಸ್ತವೆ." ಅನ್ನುತ್ತಲೇ ಅವನು ಚೀಲದಿಂದ ಹೊಸ ರೀಲು ತೆಗೆದು ಡಬ್ಬಿ ಒಡೆದ. ನೀಲಿ ಬಿಳಿಯ ಡಬ್ಬಿ.

"ಬಣ್ಣದ್ದು, ಅಲ್ವಾ?"

"ಬಣ್ಣದ್ದಾ? ಕಪ್ಪು ಬಿಳುಪು ಸಾ. ನೀವು ದೇವರಿಗೆ ಹಾಕ್ತೀರಲ್ಲ, ಅದೇ. ಕಂಪ್ನಿ ಪಾಲಾಗಿ ಡಬ್ಬಿ, ಹೆಸರು ಎರಡೂ ಬದಲಾದವು. ಒಳಗಿರೋದು ಅದೇ ಮಾಲು."

ಚಲುವಯ್ಯ ಕೈಚಾಚಿ ಇಸಿದುಕೊಂಡ. ರೀಲಿನ ಹೊರಗೆ ಚಾಚಿದ ತುದಿಯನ್ನು ಬೆರಳಿಂದ ಸವರಿದ, ಮೂಗಿಗೆ ಹಿಡಿದ. ಆ ವಾಸನೆಯನ್ನು ಹೇಳುವುದು ಕಷ್ಟ. ಅವನಿಗೆ ಅದು ಕಾರ್ತಿಕದ ವಾಸನೆ, ಅಪ್ಪನ ಅಂಗಿಯ ವಾಸನೆ.

"ಎಲ್ಲಿ ತಂದೆ ಮಗ?"

"ಹಾಸನದಲ್ಲಿ, ನಿಮ್ಮ ಕೆಂಪಣ್ಣೋರ ಅಂಗಡೀಲೇ. ಒಂದೊಂದು ತಿಂಗಳು ಬರುತ್ತೆ, ಒಂದೊಂದು ತಿಂಗಳು ಬರಲ್ಲ, ನೆಚ್ಚಿಕೊಳ್ಳೋ ಹಂಗಿಲ್ಲ. ಈ ಸಲ ನವರಾತ್ರಿಗೆ ಮುಂಚೇನೇ ಬಂದಿತ್ತು, ಒಟ್ಟಿಗೆ ತಗೊಂಡುಬಿಟ್ಟೆ. ಯಾಕೆ ಸಾ, ನಿಮಗೆ ಸಿಗಲಿಲ್ವಾ? ತಗೊಳ್ಳಿ, ಒಂದು ಇಟ್ಕೊಳ್ಳಿ."

ಚಲುವಯ್ಯ ರೀಲನ್ನು ಅವನ ಅಂಗೈ ಮೇಲೆ ಮೆಲ್ಲಗೆ ಇಟ್ಟು ಬೆರಳು ಮಡಿಸಿದ. "ಬ್ಯಾಡ ಕಣಪ್ಪ. ನಂದು ಬತ್ತದೆ," ಅಂದ. ಬಾಯಿ ತಾನಾಗಿ ಅಂದುಬಿಟ್ಟಿತ್ತು.

ಬಸ್ ಸ್ಟ್ಯಾಂಡಿನಲ್ಲಿ ಕೂತು ಅವನು ಕೆಂಪಣ್ಣನ ಪರವಾಗಿ ವಾದ ಹೂಡಿದ. ಆತನಿಗೇ ಗೊತ್ತಿಲ್ಲದೆ ಇರಬಹುದು. ಡಬ್ಬಿ ಬದಲಾದದ್ದು ತನಗೆ ತಿಳಿಯದ ಹಾಗೆ ಆತನಿಗೂ ತಿಳಿಯದೆ ಹೋಗಿರಬಹುದು. ಆದರೆ ಬಣ್ಣದ್ದು ಅನ್ನುವ ಮೊದಲು ಆತ ಲೋಟ ಕೆಳಗಿಟ್ಟ ರೀತಿ ಕಣ್ಣ ಮುಂದೆ ಬಂದು ನಿಂತಿತು. ಇಬ್ಬರೂ ಬಾವಿಯ ಮಾತಿಗೆ ನಗುತ್ತಿದ್ದಾಗ ಆ ಡಬ್ಬಿಗಳು ಅಲ್ಲೇ, ಮೊಳದ ದೂರದಲ್ಲಿ, ಗಾಜಿನ ಹಿಂದೆ ಕೂತಿದ್ದವು. ಶ್ರವಣಬೆಳಗೊಳಕ್ಕೆ ಹೊರಟ ಯಾತ್ರಿಕರ ಗುಂಪೊಂದು ಅವನ ಮುಂದೆಯೇ ಗಲಗಲ ಅನ್ನುತ್ತ ಬಸ್ಸು ಹತ್ತಿತು. ಹೊಳೆನರಸೀಪುರದ ಬಸ್ಸು ಬಂದದ್ದು, ಹೋದದ್ದು ಅವನಿಗೆ ಗೊತ್ತಾಗಲಿಲ್ಲ.

ಕೊನೆಗೆ ಹೀಗೆಂದುಕೊಂಡ: ಯಜಮಾನ ವೀಳ್ಯ ಕೊಡಲು ಇನ್ನೂ ಒಂದು ಬೆಳಗಿದೆ. ಕೊಡುವವನು ಗುಡಿಯಲ್ಲಿಯೂ ಕೊಡಬಹುದು. ನಾನು ಖಾಲಿ ಕ್ಯಾಮರಾ ಹಿಡಿದು ನಿಲ್ಲುತ್ತೇನೆ. ಮಿಕ್ಕದ್ದು ಅವ್ವನಿಗೆ ಬಿಟ್ಟದ್ದು.

ಮಂಗಳವಾರ ಮಂಜು ಇನ್ನೂ ಕಟ್ಟೆಯ ನೀರಿನ ಮೇಲೆ ಮಲಗಿತ್ತು. ಚಲುವಯ್ಯ ಮಿಂದು, ಬಿಳಿ ಪಂಚೆ ಉಟ್ಟು ಮೆಟ್ಟಿಲು ಹತ್ತಿದಾಗ ಮಂಟಪದಲ್ಲಿ ಆಗಲೇ ಜನ. ಕಂಬಗಳಿಗೆ ಹೊಸ ಬಣ್ಣ, ನೆಲಕ್ಕೆ ಹೊಳೆಯುವ ಕಲ್ಲು. ಗರ್ಭಗುಡಿಯ ಒಳಗೆ ಕೆಂಪಣ್ಣ ರೇಷ್ಮೆ ಶಲ್ಯ ಹೊದ್ದು ನಿಂತಿದ್ದ. ಪಕ್ಕದಲ್ಲಿ ಅವನ ತಂಗಿಯ ಮಗ ದಿಲೀಪ್, ಮೂರು ಕಾಲಿನ ಸ್ಟ್ಯಾಂಡಿಗೆ ಮೊಬೈಲು ಸಿಕ್ಕಿಸುತ್ತಿದ್ದ. ಮೊಗವಾಡ ಬಿಚ್ಚಿ ತಾಮ್ರದ ತಟ್ಟೆಯಲ್ಲಿಟ್ಟಾಗಿತ್ತು.

ಪೂಜಾರಿ ಧರ್ಮೇಂದ್ರ ಹುಣಸೆಹಣ್ಣಿನ ಕೈಯಲ್ಲೇ ತಲೆಯೆತ್ತಿದ. "ಚಲುವಣ್ಣ! ಬಂದ್ಯಾ? ನಿನ್ ಕಣ್ಣು ಮಂಜಾಗೈತೆ, ಪಟ ಇಡ್ಯದ್ನ ನೀನೇ ಬುಟ್ಬುಟ್ಟೆ ಅಂತ ಕೆಂಪಣ್ಣೋರು ಊರ್ಗೆಲ್ಲ ಏಳವ್ರೆ?"

"ನನ್ ಕಣ್ಣಾ?" ಅಂದ ಚಲುವಯ್ಯ. ಅಂದು, ಕೆಂಪಣ್ಣನನ್ನು ನೋಡಿದ.

ಕೆಂಪಣ್ಣ ಹೊಸ್ತಿಲ ತನಕ ಬಂದ. "ಇಲ್ಲಿ ಬ್ಯಾಡ ಕಣ್ಲಾ. ಪೂಜೆ ಮುಗೀಲಿ, ಮನೆ ತಾವ ಕುಂತ್ಕಂಡು ಮಾತಾಡನ."

"ಒಂದೇ ಮಾತು ಕೆಂಪಣ್ಣೋರೆ. ರೀಲು ಬಂದಿತ್ತಾ, ಇಲ್ವಾ?"

ಮಂಟಪದ ಜನ ಹೊಸ್ತಿಲ ಕಡೆಗೆ ತಿರುಗಿದರು. ಬೇರೆ ಯಾವ ದಿನವಾದರೂ ಕೆಂಪಣ್ಣ ಇಲ್ಲ ಅಂದುಬಿಡುತ್ತಿದ್ದನೇನೋ. ಬೆನ್ನ ಹಿಂದೆ ಆ ಕಪ್ಪು ಕಲ್ಲು ಬರಿ ಮುಖದಲ್ಲಿ ಕೂತಿತ್ತು. ಅವನು ಅದರ ಕಡೆ ತಿರುಗಲಿಲ್ಲ. ಇಲ್ಲ ಅನ್ನಲೂ ಇಲ್ಲ.

"ನೋಡ್ಲಾ," ಅಂದ ದನಿ ತಗ್ಗಿಸಿ, "ಗುಡಿ ಒಸದಾಗೈತೆ, ಕಮಿಟಿ ಒಸದಾಗೈತೆ. ನಾಕು ಜನ ನಾಕು ತರ ಅಂತಾರೆ. ಫೋಟೋ ಇಡ್ಯಕೆ ಮನೆಮನೇಲೂ ಪೋನ್ ಐತೆ, ಅವನ್ಯಾಕೆ ಒಳೀಕೆ ಅಂತಾರೆ. ನಾನು ಅವರ್ಗೆ ಊ ಅನ್ನಲಿಲ್ಲ. ನಿಂಗೆ ಏಳಕೂ ಬಾಯಿ ಬರ್ನಿಲ್ಲ. ರೀಲೇ ಇಲ್ಲ ಅಂದ್ರೆ ಯಾರ್ ಮನಸ್ಸಿಗೂ ನೋವಿಲ್ದಂಗೆ ಆಯ್ತದೆ ಅಂದ್ಕಂಡೆ. ನಾನು ನಿನ್ನ ಬ್ಯಾಡ ಅಂದ್ನಾ, ಏಳು? ಕಂಪ್ನಿ ಬ್ಯಾಡ ಅಂತು."

ಚಲುವಯ್ಯ ಸಮುದ್ರದಾಚೆ ಎಲ್ಲೋ ಇರುವ ಆ ಕಂಪನಿಯವರನ್ನು ನೆನೆದ. ಅವರ ಮನೆ ಒಡೆದಿತ್ತು, ಅವರ ಕಷ್ಟ ಅವರಿಗೆ. ಹೊಂಗೆಕಟ್ಟೆ ಅಂತ ಒಂದು ಊರಿದೆ ಎನ್ನುವುದೂ ಅವರಿಗೆ ಗೊತ್ತಿಲ್ಲ. ಆದರೂ ಅಂಗಿ ಬದಲಿಸಿಕೊಂಡಾದರೂ ಅವರ ರೀಲು ಸಮುದ್ರ ದಾಟಿ, ಬೆಂಗಳೂರು ದಾಟಿ, ಹಾಸನದ ತನಕ ಬಂದು ತಲುಪಿತ್ತು. ದಾರಿ ತಪ್ಪಿದ್ದು ಅಲ್ಲಿಂದ ಇಲ್ಲಿಗೆ. ಒಟ್ಟಿಗೆ ಈಜಿದವನ ಕೈಯಿಂದ ಅವನ ಕೈಗೆ.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಬರಬೇಡ ಕಣ್ಲಾ ಅಂದಿದ್ದರೆ ಜಗಳವಾಡಬಹುದಿತ್ತು, ಅಪ್ಪನ ಹಾಗೆ ಮೆಟ್ಟಿಲ ಕೆಳಗೆ ನಿಂತು ಹೂವು ಕೇಳಿ ಎಂದು ಕೂಗಬಹುದಿತ್ತು. ಟೀ ಕುಡಿಸಿ, ನಾನಿಲ್ವಾ ಅಂದು ಕಳಿಸಿದ್ದಕ್ಕೆ ಏನು ಮಾಡುವುದು?

ಧರ್ಮೇಂದ್ರ ಕೈ ತೊಳೆದುಕೊಂಡು ಎದ್ದ. "ಕೆಂಪಣ್ಣೋರೆ, ತೆಪ್ಪಾಯ್ತದೆ. ಮಾಲು ಬಂದಿದ್ರೆ ವೀಳ್ಯ ಕೊಟ್ಬುಡಿ. ಅವ್ವನ ಮುಂದೆ ಯಾಕೆ ಇದು?"

ಕೆಂಪಣ್ಣ ಜುಬ್ಬದ ಜೇಬಿಗೆ ಕೈ ಹಾಕಿದ. ನೀಲಿ ಬಿಳಿಯ ಡಬ್ಬಿ ಹೊರಗೆ ಬಂತು. ಹಾಸನದಿಂದ ಅದನ್ನು ಜೇಬಿನಲ್ಲಿಟ್ಟುಕೊಂಡೇ ಬಂದಿದ್ದ. ಕೊಡಲೋ ಬೇಡವೋ ಎಂದು ದಾರಿಯುದ್ದಕ್ಕೂ ತಡವಿದ್ದನೋ ಏನೋ, ಡಬ್ಬಿಯ ಮೂಲೆಗಳು ನಲುಗಿದ್ದವು. ಪೂಜೆಯ ತಟ್ಟೆಯಿಂದ ಎಲೆ ಅಡಿಕೆ ತೆಗೆದು ಡಬ್ಬಿಯನ್ನು ಅದರ ಮೇಲಿಟ್ಟು ಹೊಸ್ತಿಲಾಚೆಗೆ ಚಾಚಿದ.

ಚಲುವಯ್ಯನ ಕೈಗಳು ಟವಲಿನ ಸಮೇತ ತಾವಾಗಿಯೇ ಮೇಲೆದ್ದವು. ಎಷ್ಟು ವರ್ಷದ ಅಭ್ಯಾಸ. ಹೋಗಲಿ, ಕೊಟ್ಟನಲ್ಲ, ಇದಷ್ಟೇ ಇರಲಿ, ಕೇರಿಗೆ ಪಟ ಬರಲಿ.

"ತಗಳ್ಲಾ," ಅಂದ ಕೆಂಪಣ್ಣ ಹಲ್ಲು ಕಚ್ಚಿ, ಮಂಟಪದ ಕಡೆ ಕಣ್ಣು ಹಾಯಿಸುತ್ತ. "ಬಿರ್ರನೆ ತಗಾ. ಎಲ್ಲರೂ ನೋಡ್ತಾವ್ರೆ."

ಟವಲು ಹಾಸಿದ ಕೈ ಅಲ್ಲೇ ನಿಂತಿತು.

ಇಷ್ಟು ವರ್ಷ ವೀಳ್ಯ ಕೊಡುವಾಗ ಕೆಂಪಣ್ಣ ಒಮ್ಮೆಯೂ ಆಚೀಚೆ ನೋಡಿದವನಲ್ಲ. ಅಂಗಡಿಯಲ್ಲಿ ಗಿರಾಕಿಗಳಿದ್ದರೂ ರೀಲನ್ನು ಕಣ್ಣಿಗೊತ್ತಿಕೊಂಡು ಕೊಡುತ್ತಿದ್ದ. ಇವತ್ತು ಕಣ್ಣಿಗೊತ್ತಿಕೊಂಡಿರಲಿಲ್ಲ. ಇದನ್ನು ತೆಗೆದುಕೊಂಡರೆ ಒಳಗೆ ಹೋಗಬಹುದು, ಪಟ ತೆಗೆಯಬಹುದು, ಮರ್ಯಾದೆ ಉಳಿಯಬಹುದು. ಆದರೆ ಹೊಸದಾಗಿ ಮನೆ ಹೂಡಿದವರ ದೇವರಮೂಲೆಗೆ ಇಂಥ ಕೈಯಿಂದ ಬಂದ ತಾಯಿಯನ್ನು ಹೇಗೆ ಇಡಿಸುವುದು? ಚಲುವಯ್ಯ ಕಲ್ಲಿನ ಕಡೆ ನೋಡಿದ. ಒಳಗೊಳಗೇ ಕೇಳಿದ. ಕಲ್ಲು ಏನೂ ಹೇಳಲಿಲ್ಲ. ಅವನಿಗೆ ಹೇಳಿದ ಹಾಗೇ ಆಯಿತು.

ಟವಲು ಮಡಚಿ ಹೆಗಲಿಗೆ ಹಾಕಿಕೊಂಡ.

"ಇಟ್ಕಳಿ ಕೆಂಪಣ್ಣೋರೆ. ಕೊಡೋಕೆ ನಿಮಗೆ ಮನಸ್ಸಿರನಿಲ್ಲ. ಇಸ್ಕಳಾಕೆ ಈಗ ನಂಗಿಲ್ಲ."

"ಲೇ ಚಲುವ, ಒಂದ್ ವರ್ಸ ತೆಪ್ಪುದ್ರೆ ತೆಪ್ಪೋಯ್ತದೆ ಕಣ್ಲಾ. ನಿಮ್ಮಪ್ಪ ಇಡಿದಿದ್ದ ಮರ್ವಾದೆ."

"ಊ. ಗೊತ್ತು."

ಅವನು ಹೊಸ್ತಿಲ ಹೊರಗಿನಿಂದಲೇ ನೆಲಕ್ಕೆ ಹಣೆ ಮುಟ್ಟಿಸಿದ. ಹೊಸ ಕಲ್ಲು ಮಂಜಿನಿಂದ ತಣ್ಣಗಿತ್ತು. ಎದ್ದವನು ತಿರುಗಿ ನೋಡದೆ ಮಂಟಪ ದಾಟಿದ. ಜನ ದಾರಿ ಬಿಟ್ಟರು. ಒಬ್ಬಿಬ್ಬರು ಅವನ ಹೆಸರು ಹಿಡಿದು ಕರೆಯಬೇಕೆಂದು ಬಾಯಿ ತೆರೆದರು, ಕರೆಯಲಿಲ್ಲ. ಮೆಟ್ಟಿಲು ಇಳಿಯುವಾಗ ಹಿಂದಿನಿಂದ ದಿಲೀಪನ ಮೊಬೈಲು ಸದ್ದು ಮಾಡಿತು. ಒಳಗೆ ರೀಲಿಲ್ಲ, ಬಾಗಿಲಿಲ್ಲ, ತಿರುಗುವ ಚಕ್ರವಿಲ್ಲ, ಆದರೂ ರೀಲಿನ ಕ್ಯಾಮರಾದ ಹಾಗೇ ಚಕ್ ಅಂತ ಕೂಗಿತು. ಧರ್ಮೇಂದ್ರನ ದನಿ ಕೇಳಿಸಿತು, "ತಡೀರಿ ಮಾರಾಯ್ರೆ," ಅಂತ. ಆಮೇಲೆ ಮತ್ತೊಂದು ಸಲ ಚಕ್.

ಕೇರಿಯ ಬಾಯಲ್ಲೇ ದ್ಯಾವಮ್ಮ ಕಾದಿದ್ದಳು. ರೀಲು ತೊಳೆಯಲು ಕಟ್ಟೆಯ ನೀರು ಹೊರುವುದಕ್ಕೆಂದು ಮೊಮ್ಮಗನ ಹೊಸ ಹೆಂಡತಿಯನ್ನೂ ನಿಲ್ಲಿಸಿಕೊಂಡಿದ್ದಳು. ಆ ಹುಡುಗಿ ತಾಮ್ರದ ಕೊಡಕ್ಕೆ ಅರಿಶಿನ ಬಳಿದು ಸೊಂಟದಲ್ಲಿಟ್ಟಿದ್ದಳು.

"ಏನ್ಲಾ ಮಗ, ಇಷ್ಟು ಬಿರ್ನೆ ಬಂದೆ? ಪಟ ಆಯ್ತಾ?"

"ಇಲ್ಲ ಚಿಕ್ಕವ್ವ. ಈ ವರ್ಸ ಪಟ ಇಲ್ಲ. ಇನ್ ಮುಂದಕ್ಕೂ ನಮ್ ಮನೆಯಿಂದ ಇಲ್ಲ."

ಮುದುಕಿ ಎದೆಗೆ ಕೈ ಇಟ್ಟುಕೊಂಡಳು. ಅವನು ಇಷ್ಟು ದಿನ ಹೇಳಿದ್ದನ್ನೆಲ್ಲ ಕೇಳಿದವಳು ಅವಳು. ಅವನಿಗಿಂತ ಮೊದಲು ಅವಳೇ ಸಮಾಧಾನ ಹೇಳಿದಳು.

"ಓಗ್ಲಿ ಬುಡು. ನೀನೇನ್ ಮಾಡೀಯೆ? ರೀಲು ಬರ್ನಿಲ್ಲ. ಪಾಪ, ಕೆಂಪಣ್ಣಪ್ಪಾರೂ ಎಷ್ಟು ಒದ್ದಾಡುದ್ರೋ."

ಹೂಂ ಅಂದರೆ ಮುಗಿಯುತ್ತಿತ್ತು. ಕೆಂಪಣ್ಣನ ಹೆಸರು ಉಳಿಯುತ್ತಿತ್ತು. ಹಾಸನಕ್ಕೆ ಹೋದಾಗ ಮತ್ತೆ ಅದೇ ಬೆಂಚಿನ ಮೇಲೆ ಕೂತು ಟೀ ಕುಡಿಯಬಹುದಿತ್ತು. ಚಲುವಯ್ಯ ಖಾಲಿ ಕ್ಯಾಮರಾವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. ಕೊಡ ಹೊತ್ತ ಹುಡುಗಿ ಅವನ ಮುಖವನ್ನೇ ನೋಡುತ್ತಿದ್ದಳು.

"ರೀಲು ಬಂದಿತ್ತು ಕಣವ್ವ," ಅಂದ. "ನವರಾತ್ರಿಗೂ ಮುಂಚೇನೇ ಬಂದಿತ್ತು."